ಬಂದರಿನ ಹೂಳಿನಲ್ಲಿ ತಾಮ್ರ: ನಮ್ಮ ತೋಟದ ಮೈಲುತುತ್ತ ಅಲ್ಲಿಗೆ ಹೋಗಿ ಸೇರುತ್ತದೆಯೇ?

ಪ್ರಶ್ನೆ: ಸಕಲೇಶಪುರ ತಾಲ್ಲೂಕಿನ ಮಾರನಹಳ್ಳಿ ಕಡೆ ನಮ್ಮದು ಕಾಫಿ ಮತ್ತು ಅಡಿಕೆ ತೋಟ. ಮಳೆ ಹಿಡಿಯುವ ಮುಂಚೆ ಪ್ರತಿ ವರ್ಷ ಮೈಲುತುತ್ತ (ತಾಮ್ರದ ಸಲ್ಫೇಟ್) ಮತ್ತು ಸುಣ್ಣದ ದ್ರಾವಣ ಹೊಡೆಯುತ್ತೇವೆ. ಮಂಗಳೂರಿನಲ್ಲಿ ಎಂ.ಎಸ್ಸಿ. ಓದುತ್ತಿರುವ ನನ್ನ ಮಗಳು ಬಂದರಿನ ಸುತ್ತಲಿನ ಕಡಲತಳದ ಹೂಳಿನಲ್ಲಿ ಭಾರಲೋಹಗಳನ್ನು ಅಳೆಯುವ ಪ್ರಾಜೆಕ್ಟ್ ಕೈಗೆತ್ತಿಕೊಂಡಿದ್ದಾಳೆ. ತಾಮ್ರ ಕಿಲೋಗೆ 34 ಮಿಲಿಗ್ರಾಂ ದಾಟಿದರೆ ಮಾಲಿನ್ಯವೆಂದು ಬರೆಯಬೇಕೆಂದು ಅವಳ ಜೊತೆಯವರು ಹೇಳುತ್ತಾರಂತೆ. ಆ ಲೆಕ್ಕ ಸರಿಯೇ? ನಾವು ಹೊಡೆದ ತಾಮ್ರ ಘಟ್ಟ ಇಳಿದು ಅಲ್ಲಿಗೆ ಹೋಗುತ್ತದೆಯೇ? ಈ ಪರೀಕ್ಷೆಯನ್ನು ಸರಿಯಾಗಿ ಮಾಡುವುದು ಹೇಗೆ?

ಉತ್ತರ: 34 ಎಂಬ ಒಂದೇ ಸಂಖ್ಯೆಯನ್ನು ಹಿಡಿದು ಹೂಳು ಮಲಿನವಾಗಿದೆ ಎಂದು ಬರೆಯಲಾಗದು; ಅದಕ್ಕಿಂತ ಕಡಿಮೆ ಬಂದ ಮಾತ್ರಕ್ಕೆ ಶುದ್ಧವಾಗಿದೆ ಎಂದೂ ಬರೆಯಲಾಗದು. ನಿಮ್ಮ ತೋಟದ ತಾಮ್ರದಲ್ಲಿ ಒಂದಂಶ ಮಳೆಗಾಲದ ಕೆಂಪು ನೀರಿನೊಡನೆ ಘಟ್ಟ ಇಳಿಯುವ ಸಾಧ್ಯತೆ ಖಂಡಿತ ಇದೆ. ಆದರೆ ಬಂದರಿನಲ್ಲಿ ಕಾಣುವ ತಾಮ್ರಕ್ಕೆ ಅದು ಕಾರಣ ಹೌದೋ ಅಲ್ಲವೋ ಎಂಬುದನ್ನು ಬಂದರಿನ ಹೂಳನ್ನು ಮಾತ್ರ ಅಳೆದು ತೀರ್ಮಾನಿಸಲು ಬರುವುದಿಲ್ಲ. ನಿಮ್ಮ ತೋಟದ ಕೆಳಗಿನ ಹಳ್ಳದಿಂದ ಹಿಡಿದು ಕಡಲಿನವರೆಗೆ ಹೊಳೆಯ ಹೂಳನ್ನೂ ಅಳೆಯಬೇಕು. ಈ ಎರಡು ಮಾತುಗಳಿಗೆ ಕಾರಣವನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನೀರಿನ ದಾರಿಯನ್ನು ನೋಡೋಣ. ಹಾಸನ ಮತ್ತು ಚಿಕ್ಕಮಗಳೂರು ಜಿಲ್ಲೆಗಳ ಹೆಚ್ಚಿನ ತೋಟಗಳ ನೀರು ಮಂಗಳೂರಿನ ಕಡೆಗೆ ಹೋಗುವುದೇ ಇಲ್ಲ. ಬೇಲೂರು, ಬಾಳ್ಳುಪೇಟೆ ಕಡೆಯ ನೀರು ಯಗಚಿ, ಹೇಮಾವತಿಗಳ ಮೂಲಕ ಕಾವೇರಿಗೆ ಸೇರುತ್ತದೆ. ಬಾಳೆಹೊನ್ನೂರು, ಶೃಂಗೇರಿ ಕಡೆಯದು ಭದ್ರಾ, ತುಂಗಾ ನದಿಗಳ ಮೂಲಕ ಕೃಷ್ಣೆಗೆ ಸೇರುತ್ತದೆ. ಎರಡೂ ಕೊನೆಗೆ ಮುಟ್ಟುವುದು ಬಂಗಾಳ ಕೊಲ್ಲಿಯನ್ನು. ಘಟ್ಟದ ನೆತ್ತಿಯಿಂದ ಪಡುವಣಕ್ಕೆ ಇಳಿಯುವ ನೀರು ಮಾತ್ರ ಅರಬ್ಬೀ ಸಮುದ್ರದ್ದು, ಮತ್ತು ನಿಮ್ಮ ತೋಟ ಇರುವುದು ಆ ಮಗ್ಗುಲಲ್ಲಿ. ಎತ್ತಿನಹೊಳೆ, ಕೆಂಪುಹೊಳೆಗಳ ನೀರು ಗುಂಡ್ಯ ಹೊಳೆಯಾಗಿ ಕುಮಾರಧಾರೆಯನ್ನು ಸೇರಿ, ಉಪ್ಪಿನಂಗಡಿಯಲ್ಲಿ ನೇತ್ರಾವತಿಯೊಡನೆ ಕೂಡಿ, ಬಂಟ್ವಾಳ ಮತ್ತು ತುಂಬೆಯ ಕಿಂಡಿ ಅಣೆಕಟ್ಟನ್ನು ದಾಟಿ ಮಂಗಳೂರಿನ ಅಳಿವೆಗೆ ಬರುತ್ತದೆ. ಆ ಅಳಿವೆಯ ಒಳಗೇ ಹಳೆಯ ಬಂದರು ಮತ್ತು ಮೀನುಗಾರಿಕಾ ದಕ್ಕೆ ಇವೆ. ನವ ಮಂಗಳೂರು ಬಂದರು ಇರುವುದು ಉತ್ತರಕ್ಕೆ, ಪಣಂಬೂರಿನಲ್ಲಿ. 1974ರಲ್ಲಿ ಪ್ರಮುಖ ಬಂದರೆಂದು ಘೋಷಣೆಯಾಗಿ 1975ರ ಜನವರಿಯಲ್ಲಿ ಉದ್ಘಾಟನೆಯಾದ ಅದು ದಡವನ್ನು ತೋಡಿ ಮಾಡಿದ ಕೃತಕ ಬಂದರು. ಅದರೊಳಕ್ಕೆ ನೇರವಾಗಿ ಯಾವ ದೊಡ್ಡ ಹೊಳೆಯೂ ಬಂದು ಸೇರುವುದಿಲ್ಲ. ಆದ್ದರಿಂದ ನಿಮ್ಮ ಮಗಳು ಮಾದರಿ ತೆಗೆಯುವುದು ಯಾವ ಬಂದರಿನಲ್ಲಿ ಎಂಬುದರ ಮೇಲೆಯೇ ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಂತಿದೆ. ಹೊಳೆ ತಂದ ಕೆಸರು ದಕ್ಕೆಯ ಬಳಿ ನೇರವಾಗಿ ನೆಲೆಯಾಗುತ್ತದೆ. ಪಣಂಬೂರಿಗೆ ಅದು ಬರುವುದಾದರೆ ಕಡಲಿಗಿಳಿದು, ಅಲೆ ಮತ್ತು ಪ್ರವಾಹಗಳಲ್ಲಿ ಚದುರಿ, ಬೇರೆ ಹೂಳಿನೊಡನೆ ಬೆರೆತು ಬರಬೇಕು.

ಇನ್ನು ತೋಟದಲ್ಲಿ ಎಷ್ಟು ತಾಮ್ರ ಬೀಳುತ್ತದೆ ಎಂಬ ಲೆಕ್ಕ. ಮೈಲುತುತ್ತದ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ. 200 ಲೀಟರಿನ ಡ್ರಮ್ಮಿಗೆ 1 ಕಿಲೋ ಮೈಲುತುತ್ತ ಹಾಕಿ ಶೇಕಡಾ ಅರ್ಧದ ಬೋರ್ಡೋ ದ್ರಾವಣ (ನೀವು ಹೊಡೆಯುವ ಮೈಲುತುತ್ತ–ಸುಣ್ಣದ ದ್ರಾವಣದ ಹೆಸರೇ ಇದು) ಮಾಡಿದರೆ ಅದರಲ್ಲಿ ಸುಮಾರು 250 ಗ್ರಾಂ ತಾಮ್ರ ಇರುತ್ತದೆ. ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಶೇಕಡಾ ಒಂದರ ದ್ರಾವಣದಲ್ಲಿ ಅದರ ಎರಡರಷ್ಟು. ಲೆಕ್ಕಕ್ಕಾಗಿ ಎಕರೆಗೆ ಅರ್ಧ ಶೇಕಡಾದ ಐದು ಡ್ರಮ್ ಎಂದಿಟ್ಟುಕೊಂಡರೆ ವರ್ಷಕ್ಕೆ ಒಂದೂಕಾಲು ಕಿಲೋ ತಾಮ್ರವಾಯಿತು. ಒಂದು ಎಕರೆಯ ಮೇಲಿನ 15 ಸೆಂಟಿಮೀಟರ್ ಮಣ್ಣು ಸುಮಾರು 700 ಟನ್ ತೂಗುತ್ತದೆ. ಹಾಗಾದರೆ ಪ್ರತಿ ಕಿಲೋ ಮಣ್ಣಿಗೆ ವರ್ಷಕ್ಕೆ ಸೇರುವುದು ಸುಮಾರು 1.8 ಮಿಲಿಗ್ರಾಂ. ವರ್ಷವೊಂದಕ್ಕೆ ಇದು ಅಲ್ಪ. ಆದರೆ ತಾಮ್ರ ಕೊಳೆತು ಮಾಯವಾಗುವ ವಸ್ತುವಲ್ಲ. ಒಂದು ಕಣವೂ ಹೊರಹೋಗದಿದ್ದರೆ 50 ವರ್ಷಗಳಲ್ಲಿ ಕಿಲೋಗೆ 90 ಮಿಲಿಗ್ರಾಂ ಸೇರುತ್ತದೆ. ಭೂಮಿಯ ಮೇಲ್ಚಿಪ್ಪಿನ ಬಂಡೆಗಳಲ್ಲಿ ತಾಮ್ರದ ಸರಾಸರಿ ಕಿಲೋಗೆ 28 ಮಿಲಿಗ್ರಾಂ ಎಂಬುದರ ಪಕ್ಕದಲ್ಲಿ ಇಟ್ಟು ನೋಡಿದರೆ ಇದು ಸಣ್ಣ ಸೇರ್ಪಡೆಯಲ್ಲ. ಮೈಸೂರು ಸಂಸ್ಥಾನದಲ್ಲಿ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಬಳಕೆಗೆ ತಂದು ನೂರು ವರ್ಷ ಮೀರಿದೆ ಎಂಬುದನ್ನೂ ನೆನಪಿನಲ್ಲಿ ಇಡಬೇಕು.

ಈ ತಾಮ್ರ ನೀರಿನಲ್ಲಿ ಕರಗಿ ಸಲೀಸಾಗಿ ಹರಿದುಹೋಗುವುದಿಲ್ಲ. ಮಣ್ಣಿನಲ್ಲಿ ಕೊಳೆತ ಎಲೆಯ ಸಾವಯವ ಅಂಶ, ಜೇಡಿಯ ಕಣ, ಕಬ್ಬಿಣದ ಆಕ್ಸೈಡಿನ ಲೇಪ, ಈ ಮೂರೂ ತಾಮ್ರವನ್ನು ಬಲವಾಗಿ ಹಿಡಿದುಕೊಳ್ಳುತ್ತವೆ. ಆದ್ದರಿಂದ ಅದು ತೋಟ ಬಿಟ್ಟು ಹೋಗುವುದು ಮುಖ್ಯವಾಗಿ ಮಣ್ಣಿನ ಜೊತೆಗೇ, ಅಂದರೆ ಇಳಿಜಾರು ಕೊಚ್ಚಿದಾಗ, ಚರಂಡಿ ಒಡೆದಾಗ, ತೋಡಿದ ಗುಂಡಿಗಳ ಸಡಿಲ ಮಣ್ಣು ಹಳ್ಳಕ್ಕಿಳಿದಾಗ. ಲೋಹಗಳ ಮೇಲೆ ಕಣ್ಣಿಡುವವರು ನೀರಿಗಿಂತ ಹೂಳನ್ನೇ ಹೆಚ್ಚು ನೆಚ್ಚುವುದಕ್ಕೂ ಇದೇ ಕಾರಣ. ಬಂದರಿನ ನೀರಿನಲ್ಲಿ ಲೋಹದ ಪ್ರಮಾಣ ಉಬ್ಬರ ಇಳಿತದೊಡನೆ ಗಂಟೆಗೊಂದು ಬಗೆಯಾಗಿ ಬದಲಾಗುತ್ತದೆ. ಹೊಳೆಯ ಸಿಹಿನೀರು ಉಪ್ಪುನೀರನ್ನು ಮುಟ್ಟಿದ ಕೂಡಲೇ ನವಿರಾದ ಜೇಡಿಕಣಗಳು ಒಂದಕ್ಕೊಂದು ಅಂಟಿ, ಭಾರವಾಗಿ, ತಮ್ಮ ಮೈಗೆ ಹತ್ತಿದ ಲೋಹದೊಡನೆ ತಳ ಸೇರುತ್ತವೆ. ಹಾಗಾಗಿ ಹೂಳು ಹಲವು ತಿಂಗಳು, ಹಲವು ವರ್ಷಗಳ ಲೆಕ್ಕವನ್ನು ಒಟ್ಟಾಗಿ ಇಟ್ಟುಕೊಂಡಿರುತ್ತದೆ.

ಈಗ 34ರ ವಿಷಯ. ಅಮೆರಿಕದಲ್ಲಿ 1995ರಲ್ಲಿ ಪ್ರಕಟವಾದ ಮಾರ್ಗಸೂಚಿಯೊಂದರಲ್ಲಿ ತಾಮ್ರಕ್ಕೆ 34 ಮತ್ತು 270 ಎಂಬ ಎರಡು ಮಟ್ಟಗಳಿವೆ. ಹೂಳಿನ ಜೀವಿಗಳಿಗೆ ತೊಂದರೆಯಾದದ್ದು ದಾಖಲಾಗಿರುವ ಅನೇಕ ಅಧ್ಯಯನಗಳನ್ನು ಲೋಹದ ಪ್ರಮಾಣದ ಏರಿಕೆಯ ಕ್ರಮದಲ್ಲಿ ಜೋಡಿಸಿ, ಕೆಳಗಿನಿಂದ ಹತ್ತನೆಯ ಶೇಕಡಾದಲ್ಲಿ ಬಂದ ಮೌಲ್ಯವನ್ನು ಮೊದಲ ಮಟ್ಟವೆಂದೂ ನಡುವಿನದನ್ನು ಎರಡನೆಯ ಮಟ್ಟವೆಂದೂ ತೆಗೆದುಕೊಂಡರು. ಮೊದಲನೆಯದಕ್ಕಿಂತ ಕೆಳಗೆ ತೊಂದರೆ ಅಪರೂಪ, ಎರಡನೆಯದಕ್ಕಿಂತ ಮೇಲೆ ತೊಂದರೆ ಪದೇ ಪದೇ ಕಾಣುತ್ತದೆ ಎಂಬುದಷ್ಟೇ ಅದರ ತಾತ್ಪರ್ಯ. ಮುಂದೆ ಯಾವ ಜಾಗವನ್ನು ಹೆಚ್ಚು ಪರೀಕ್ಷಿಸಬೇಕೆಂದು ಆರಿಸಿಕೊಳ್ಳುವುದಕ್ಕೆ ಅದು ಉಪಯುಕ್ತ. ಲೋಹ ಎಲ್ಲಿಂದ ಬಂತು ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. ಇದನ್ನು ಮನಗಾಣಲು ಒಂದು ಹೋಲಿಕೆ ಸಾಕು. ಜೇಡಿಯಿಂದಾದ ಶೇಲ್ ಬಂಡೆಗಳ ಜಾಗತಿಕ ಸರಾಸರಿಯೆಂದು 1961ರಿಂದ ಎಲ್ಲರೂ ಬಳಸುತ್ತಿರುವ ಪಟ್ಟಿಯಲ್ಲಿ ತಾಮ್ರ 45, ಕ್ರೋಮಿಯಂ 90, ನಿಕ್ಕಲ್ 68 ಮಿಲಿಗ್ರಾಂ ಇವೆ. ಅಮೆರಿಕದ ಕೆಳಮಟ್ಟ ಕ್ರೋಮಿಯಂಗೆ 81. ನಿಕ್ಕಲ್‌ಗಂತೂ ಕೆಳಮಟ್ಟ 20.9, ಮೇಲ್ಮಟ್ಟ 51.6. ಅಂದರೆ ಬಂದರಿನ ಗಾಳಿಯೂ ಸೋಕದ ಸಾಮಾನ್ಯ ಶೇಲ್ ಬಂಡೆಯನ್ನು ಪುಡಿ ಮಾಡಿ ಅಳೆದರೂ ತಾಮ್ರ ಮತ್ತು ಕ್ರೋಮಿಯಂ ಕೆಳಮಟ್ಟವನ್ನು ದಾಟುತ್ತವೆ, ನಿಕ್ಕಲ್ ಮೇಲ್ಮಟ್ಟವನ್ನೇ ದಾಟುತ್ತದೆ. ಅದನ್ನು ಮಾಲಿನ್ಯವೆಂದು ಬರೆದರೆ ಬಂಡೆಯ ಮೇಲೆಯೇ ದೂರು ಬರೆದಂತಾಗುತ್ತದೆ.

ನಮ್ಮ ಜಿಲ್ಲೆಯಲ್ಲೇ ಇದಕ್ಕೆ ಒಳ್ಳೆಯ ಸಾಕ್ಷಿ ಇದೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಶಿಸ್ಟ್ ಪಟ್ಟಿಯಲ್ಲಿ ಬೈರಾಪುರದ ಕ್ರೋಮೈಟ್ ಗಣಿ ಇರುವುದು ಅಲ್ಲಿನ ಬಂಡೆಯೇ ಕ್ರೋಮಿಯಂನಿಂದ ತುಂಬಿರುವುದರಿಂದ. ಅಂಥ ಬಂಡೆ ಕೊಳೆತು ಆದ ಮಣ್ಣಿನಲ್ಲಿ ಯಾವ ಕಾರ್ಖಾನೆಯೂ ಇಲ್ಲದೆ ಕ್ರೋಮಿಯಂ, ನಿಕ್ಕಲ್ ಹೆಚ್ಚಿರುತ್ತವೆ. ಅಲ್ಲಿಯ ನೀರು ಮಂಗಳೂರಿಗೆ ಹೋಗುವುದಿಲ್ಲ ನಿಜ, ಆದರೆ ಕರ್ನಾಟಕದ ಯಾವ ನದಿಯ ಹೂಳನ್ನು ನೋಡುವಾಗಲೂ ಅದರ ಮೂಲದ ಬಂಡೆ ಯಾವುದೆಂದು ಮೊದಲು ಕೇಳಿಕೊಳ್ಳಬೇಕೆಂಬುದಕ್ಕೆ ಅದು ಸಾಕಷ್ಟು ದೊಡ್ಡ ನಿದರ್ಶನ.

ಬಂಡೆಯಷ್ಟೇ ಮುಖ್ಯವಾದದ್ದು ಕಣದ ಗಾತ್ರ. ನಮ್ಮ ಕೆರೆಗಳಲ್ಲಿ ಹಳ್ಳ ಬಂದು ಸೇರುವ ಬಾಯಿಯಲ್ಲಿ ಮರಳು ನಿಂತು, ಏರಿಯ ಹತ್ತಿರ ತೂಬಿನ ಬಳಿ ನುಣ್ಣನೆಯ ಗೋಡು ನಿಲ್ಲುವುದನ್ನು ನೀವು ಕಂಡಿದ್ದೀರಿ. ಬಂದರಿನಲ್ಲೂ ಅಲೆ ಬಡಿಯುವ ಕಡೆ ಮರಳು, ನೀರು ನಿಂತ ಕಡೆ ಜೇಡಿ. ಲೋಹ ಅಂಟುವುದು ಕಣದ ಹೊರಮೈಗೆ. ನವಿರಾದ ಕಣಗಳಿಗೆ ತೂಕಕ್ಕೆ ತಕ್ಕ ಹೊರಮೈ ಬಹಳ ಹೆಚ್ಚು, ಮರಳಿಗೆ ಬಹಳ ಕಡಿಮೆ. ಹೀಗಾಗಿ ಬಂದರಿನ ಒಳಗೆ ತಾಮ್ರ ಹೆಚ್ಚು, ಹೊರಗಿನ ಮರಳಿನಲ್ಲಿ ಕಡಿಮೆ ಎಂದು ಕಂಡರೆ, ಅದು ಬಂದರಿನ ಮಾಲಿನ್ಯವೂ ಆಗಿರಬಹುದು, ಒಳಗಿರುವುದು ಜೇಡಿ ಹೊರಗಿರುವುದು ಮರಳು ಎಂಬುದಷ್ಟೇ ಆಗಿರಬಹುದು. ಈ ಎರಡನ್ನು ಬೇರ್ಪಡಿಸದ ವರದಿಗಳಿಂದ ಆಗುವ ಹಾನಿ ಸಣ್ಣದಲ್ಲ: ನಿಜವಾಗಿ ಮಲಿನವಾದ ಮರಳು ತಪ್ಪಿಸಿಕೊಳ್ಳುತ್ತದೆ, ತಪ್ಪಿಲ್ಲದ ಜೇಡಿಗೆ ದೂರು ಬರುತ್ತದೆ.

ಬೇರ್ಪಡಿಸುವುದಕ್ಕೆ ಎರಡು ದಾರಿಗಳಿವೆ, ಎರಡನ್ನೂ ಮಾಡುವುದು ಉತ್ತಮ. ಒಂದು, ನೈಲಾನ್ ಜರಡಿಯಲ್ಲಿ ಹೂಳನ್ನು ಸೋಸಿ 63 ಮೈಕ್ರೋಮೀಟರಿಗಿಂತ ಸಣ್ಣ ಕಣಗಳನ್ನು ಮಾತ್ರ ಅಳೆಯುವುದು. ಇನ್ನೊಂದು, ಪ್ರತಿ ಮಾದರಿಯಲ್ಲೂ ಅಲ್ಯೂಮಿನಿಯಂ ಅನ್ನು ಅಳೆಯುವುದು. ಅಲ್ಯೂಮಿನಿಯಂ ಜೇಡಿಯ ಮೈಕಟ್ಟಿನಲ್ಲೇ ಇರುವ ಮೂಲವಸ್ತುವಾದ್ದರಿಂದ ಜೇಡಿ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ, ಮತ್ತು ಬಂದರಿನ ಸಾಮಾನ್ಯ ಚಟುವಟಿಕೆಯಿಂದ ಅದು ಅಷ್ಟಾಗಿ ಏರುವುದಿಲ್ಲ. ಲೆಕ್ಕಕ್ಕಾಗಿ ಎರಡು ಕಲ್ಪಿತ ಮಾದರಿಗಳನ್ನು ತೆಗೆದುಕೊಳ್ಳಿ. ಒಂದು ಜೇಡಿ: ತಾಮ್ರ 45 ಮಿಲಿಗ್ರಾಂ, ಅಲ್ಯೂಮಿನಿಯಂ ಶೇಕಡಾ 8. ಇನ್ನೊಂದು ಮರಳು: ತಾಮ್ರ 20, ಅಲ್ಯೂಮಿನಿಯಂ ಶೇಕಡಾ 2. 34ರ ಅಳತೆಗೋಲಿನಲ್ಲಿ ಮೊದಲನೆಯದು ಮಲಿನ, ಎರಡನೆಯದು ಶುದ್ಧ. ಅಲ್ಯೂಮಿನಿಯಂನಿಂದ ಭಾಗಿಸಿದರೆ ಮೊದಲನೆಯದು 5.6, ಎರಡನೆಯದು 10. ಶೇಲ್ ಬಂಡೆಯ ಸರಾಸರಿಯೂ 5.6 ಇರುವುದರಿಂದ ಜೇಡಿಯಲ್ಲಿ ಹೆಚ್ಚುವರಿ ತಾಮ್ರವೇ ಇಲ್ಲ. ಮರಳಿನಲ್ಲಿ ಇರಬೇಕಾದದ್ದಕ್ಕಿಂತ ಒಂದೂಮುಕ್ಕಾಲು ಪಟ್ಟು ಇದೆ. ಅನುಮಾನ ಜೇಡಿಯಿಂದ ಮರಳಿನ ಕಡೆಗೆ ತಿರುಗಿತು. ಹೀಗೆ ಮಾದರಿಯ ಭಾಗಲಬ್ಧವನ್ನು ಶೇಲಿನ ಭಾಗಲಬ್ಧದಿಂದ ಭಾಗಿಸಿ ಬಂದದ್ದನ್ನೇ (ಇಲ್ಲಿ ಮರಳಿಗೆ ಒಂದೂಮುಕ್ಕಾಲು) ಪುಷ್ಟೀಕರಣ ಗುಣಾಂಕ ಎನ್ನುತ್ತಾರೆ. ಗುಣಾಂಕ ಒಂದರಿಂದ ಎರಡರ ಒಳಗೆ ಇದ್ದರೆ ನಾನು ಅದನ್ನು ಮಾಲಿನ್ಯವೆಂದು ಕರೆಯುವುದಿಲ್ಲ, ಏಕೆಂದರೆ ಬಂಡೆಯ ಸಹಜ ವ್ಯತ್ಯಾಸವೇ ಅಷ್ಟಿರುತ್ತದೆ. 1969ರಲ್ಲಿ ಮುಲ್ಲರ್ ಅವರು ಸೂಚಿಸಿದ ಭೂಸಂಚಯನ ಸೂಚ್ಯಂಕದಲ್ಲೂ ಹಿನ್ನೆಲೆ ಮೌಲ್ಯವನ್ನು (ಮಾಲಿನ್ಯವಿಲ್ಲದಾಗ ಸಹಜವಾಗಿ ಇರುವ ಪ್ರಮಾಣವನ್ನು) ಒಂದೂವರೆಯಿಂದ ಗುಣಿಸಿ ಈ ವ್ಯತ್ಯಾಸಕ್ಕೆ ಜಾಗ ಬಿಟ್ಟಿದ್ದಾರೆ. ಆದರೆ ಅದರಲ್ಲಿ ಕಣದ ಗಾತ್ರದ ತಿದ್ದುಪಡಿ ಇಲ್ಲ ಎಂಬುದನ್ನು ಹಲವರು ಮರೆಯುತ್ತಾರೆ.

ಅಲ್ಯೂಮಿನಿಯಂ ಬದಲು ಕಬ್ಬಿಣದಿಂದ ಭಾಗಿಸುವ ರೂಢಿಯೂ ಇದೆ. ಮಂಗಳೂರಿನಲ್ಲಿ, ಅದರಲ್ಲೂ ಪಣಂಬೂರಿನಲ್ಲಿ, ಅದನ್ನು ಮಾಡಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಮ್ಯಾಗ್ನೆಟೈಟ್ ಎಂಬ ಕಬ್ಬಿಣದ ಅದಿರಿನ ಸಾಂದ್ರ ರಾಡಿ 67 ಕಿಲೋಮೀಟರ್ ಉದ್ದದ ಕೊಳವೆಯಲ್ಲಿ ಘಟ್ಟ ಇಳಿದು ಪಣಂಬೂರಿಗೆ ಬಂದು, ಅಲ್ಲಿಂದ ಹಡಗೇರುತ್ತಿತ್ತು. ಸುಪ್ರೀಂ ಕೋರ್ಟಿನ ಆದೇಶದಂತೆ 2005ರ ಡಿಸೆಂಬರ್ ಕೊನೆಗೆ ಗಣಿಗಾರಿಕೆ ನಿಂತಿತು. ಅದಿರು ಮತ್ತು ಅದಿರಿನ ಉಂಡೆಗಳನ್ನು ತುಂಬಿದ ಬಂದರಿನ ಹೂಳಿನಲ್ಲಿ ಹೊರಗಿನಿಂದ ಬಂದ ಕಬ್ಬಿಣ ಇರುವುದೆಂದು ಎಣಿಸಿಯೇ ಹೊರಡಬೇಕು. ಛೇದವೇ ಹೀಗೆ ಉಬ್ಬಿದರೆ ತಾಮ್ರ, ಸತುಗಳ ಗುಣಾಂಕ ಸುಳ್ಳಾಗಿ ಇಳಿದು, ಇರುವ ಮಾಲಿನ್ಯ ಮರೆಯಾಗುತ್ತದೆ. ಅಲ್ಯೂಮಿನಿಯಂ ಕೂಡ ನಿರ್ದೋಷಿಯಲ್ಲ: ಕರಾವಳಿಯ ಜಂಬಿಟ್ಟಿಗೆ ಮಣ್ಣಿನಲ್ಲಿ ಕಬ್ಬಿಣ ಮತ್ತು ಅಲ್ಯೂಮಿನಿಯಂ ಎರಡೂ ಸಾಂದ್ರವಾಗಿರುತ್ತವೆ. ಆದ್ದರಿಂದ ಹೋಲಿಕೆಗೆ ಜಾಗತಿಕ ಶೇಲ್ ಸರಾಸರಿಯನ್ನು ಕೊನೆಯ ಆಸರೆಯಾಗಿ ಮಾತ್ರ ಇಟ್ಟುಕೊಂಡು, ಅದೇ ಕರಾವಳಿಯ ಹಿನ್ನೆಲೆ ಮೌಲ್ಯವನ್ನು ಹುಡುಕಬೇಕು. ಅದು ಸಿಗುವುದು ಎರಡು ಕಡೆ: ಬಂದರಿನಿಂದ ದೂರದ, ಅದೇ ಬಗೆಯ ಜೇಡಿ ಇರುವ ತಾಣದಲ್ಲಿ, ಮತ್ತು ಕಲಕದ ಹೂಳಿನ ಆಳದಲ್ಲಿ. ಎಲ್ಲ ಮಾದರಿಗಳ ತಾಮ್ರವನ್ನು ಅಲ್ಯೂಮಿನಿಯಂ ಎದುರು ಒಂದು ಗ್ರಾಫ್ ಹಾಳೆಯಲ್ಲಿ ಗುರುತಿಸಿದರೆ ಸಹಜ ಮಾದರಿಗಳು ಒಂದು ಗೆರೆಯ ಆಸುಪಾಸಿನಲ್ಲಿ ಬೀಳುತ್ತವೆ, ಹೆಚ್ಚುವರಿ ತಾಮ್ರ ಇರುವವು ಗೆರೆಯಿಂದ ಮೇಲಕ್ಕೆ ಸಿಡಿದು ನಿಲ್ಲುತ್ತವೆ. ಹತ್ತು ಸೂಚ್ಯಂಕಗಳ ಕೋಷ್ಟಕಕ್ಕಿಂತ ಆ ಒಂದು ಗ್ರಾಫನ್ನು ನಾನು ಹೆಚ್ಚು ನಂಬುತ್ತೇನೆ.

ಆಳದ ಹೂಳಿಗೆ ಕೊಳವೆ ಇಳಿಸಿ ಕಂಬದಂತೆ ತೆಗೆದು, ಒಂದೊಂದು ಸೆಂಟಿಮೀಟರಿನ ಬಿಲ್ಲೆಗಳಾಗಿ ಕತ್ತರಿಸುತ್ತಾರೆ. ಸೀಸ-210 ಎಂಬ ಸಹಜ ವಿಕಿರಣಶೀಲ ಸೀಸದ ಅರ್ಧಾಯುಷ್ಯ ಸುಮಾರು 22 ವರ್ಷ. ಅದು ಆಳಕ್ಕೆ ಇಳಿದಂತೆ ಹೇಗೆ ಕುಗ್ಗುತ್ತದೆ ಎಂಬುದರಿಂದ ಹಿಂದಿನ ನೂರು ವರ್ಷಗಳ ಹೂಳಿಗೆ ಕಾಲ ಗೊತ್ತುಮಾಡಬಹುದು. ಪರಮಾಣು ಪರೀಕ್ಷೆಗಳ ಸೀಸಿಯಂ-137 ಅತಿ ಹೆಚ್ಚು ಉದುರಿದ 1963ರ ಆಸುಪಾಸಿನ ಪದರ ಸಿಕ್ಕರೆ ಆ ಲೆಕ್ಕಕ್ಕೆ ಆಧಾರ ಸಿಗುತ್ತದೆ. ಹೀಗೆ 1970ರ ದಶಕಕ್ಕಿಂತ ಹಿಂದಿನ ಪದರ ದೊರೆತರೆ ಹೊಸ ಬಂದರು ಬರುವ ಮುಂಚಿನ ತಾಮ್ರ ಎಷ್ಟೆಂದು ತಿಳಿಯುತ್ತದೆ. ಆದರೆ ಬಂದರಿನ ಒಳಗೂ ಹಡಗಿನ ಕಾಲುವೆಯಲ್ಲೂ ಹೂಳೆತ್ತುವ ಕೆಲಸ ಮತ್ತೆ ಮತ್ತೆ ನಡೆಯುವುದರಿಂದ ಅಲ್ಲಿ ಪದರಗಳು ಕಲಸಿಹೋಗಿರುತ್ತವೆ. ಅಲ್ಲಿ ತೆಗೆದ ಕಂಬಕ್ಕೆ ಕಾಲ ಕಟ್ಟಲು ಹೊರಡುವುದು ವ್ಯರ್ಥ. ಹೂಳೆತ್ತದ ಹಿನ್ನೀರಿನ ಮೂಲೆಗಳನ್ನು, ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಅಂಚಿನ ಕೆಸರನ್ನು ಹುಡುಕಬೇಕು. ಮೇಲಿನ ಪದರಗಳಲ್ಲಿ ಮ್ಯಾಂಗನೀಸ್ ಏರಿದ್ದು ಕಂಡರೆ ಗಾಬರಿ ಬೇಡ. ಆಮ್ಲಜನಕವಿಲ್ಲದ ಆಳದಲ್ಲಿ ಅದು ಕರಗಿ, ಮೇಲೆ ಬಂದು, ಆಮ್ಲಜನಕ ಸಿಕ್ಕಲ್ಲಿ ಮತ್ತೆ ಗಟ್ಟಿಯಾಗುತ್ತದೆ.

ಬಂದರಿನದೇ ಆದ ತಾಮ್ರದ ಮೂಲಗಳಲ್ಲಿ ಮೊದಲು ನೋಡಬೇಕಾದದ್ದು ಹಡಗು ಮತ್ತು ದೋಣಿಗಳ ತಳದ ಬಣ್ಣ. ಚಿಪ್ಪು, ಪಾಚಿ ಹತ್ತದಿರಲೆಂದು ಹಿಂದೆ ತವರದ ಸಾವಯವ ಸಂಯುಕ್ತಗಳಿರುವ ಬಣ್ಣ ಬಳಿಯುತ್ತಿದ್ದರು. ಅದು ಕಡಲಿನ ಶಂಖ, ಮೃದ್ವಂಗಿಗಳಿಗೆ ಘೋರವೆಂದು ತಿಳಿದ ಮೇಲೆ ಅಂತರರಾಷ್ಟ್ರೀಯ ಒಪ್ಪಂದವೊಂದು 2001ರಲ್ಲಿ ಸಿದ್ಧವಾಗಿ 2008ರ ಸೆಪ್ಟೆಂಬರಿನಲ್ಲಿ ಜಾರಿಗೆ ಬಂತು. ಅದರ ಜಾಗವನ್ನು ಹೆಚ್ಚಾಗಿ ತುಂಬಿದ್ದು ತಾಮ್ರದ ಆಕ್ಸೈಡಿನ ಬಣ್ಣ. ಅದರ ಜೊತೆಗೆ ಸತುವೂ ಇರುತ್ತದೆ. ಉಕ್ಕಿನ ತಳಕ್ಕೆ ತುಕ್ಕು ಹಿಡಿಯದಂತೆ ಕಟ್ಟುವ ಸತುವಿನ ತುಂಡುಗಳೂ ನೀರಿನಲ್ಲಿ ಕರಗುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಟ್ರಾಲರ್‌ಗಳು ದಕ್ಕೆಯಲ್ಲಿ ಸಾಲಾಗಿ ನಿಂತಿರುತ್ತವೆ, ರಿಪೇರಿಯ ಕೆಲಸಗಳು ನಡೆಯುತ್ತವೆ. ತಳ ಹೆರೆದಾಗ ಉದುರುವ ಬಣ್ಣದ ಚಕ್ಕೆಗಳನ್ನು ಅದೇ ತಿಂಗಳುಗಳ ಮಳೆ ನೀರಿಗಿಳಿಸುತ್ತದೆ. ಅಂಥ ಒಂದೇ ಒಂದು ಚಕ್ಕೆ ಮಾದರಿಯಲ್ಲಿ ಸೇರಿಕೊಂಡರೂ ತಾಮ್ರದ ಅಂಕಿ ಮುಗಿಲಿಗೇರುತ್ತದೆ. ಆದ್ದರಿಂದ ಒಂದು ತಾಣದಲ್ಲಿ ಒಂದೇ ಮಾದರಿ ತೆಗೆಯಬಾರದು. ಕನಿಷ್ಠ ಮೂರು ಬೇರೆ ಬೇರೆ ಹಿಡಿಗಳನ್ನು ತೆಗೆದು ಬೇರೆಯಾಗಿಯೇ ಅಳೆಯಬೇಕು.

ಹಾಗಾದರೆ ತೋಟದ ತಾಮ್ರವನ್ನೂ ದೋಣಿಯ ತಾಮ್ರವನ್ನೂ ಬೇರೆ ಮಾಡಿ ಗುರುತಿಸುವುದು ಹೇಗೆ? ತಾಮ್ರದ ಮೈಮೇಲೆ ಊರಿನ ಹೆಸರು ಬರೆದಿರುವುದಿಲ್ಲ, ಆದರೆ ಅದರ ಜೊತೆಗಾರರಿಂದ ಮತ್ತು ಅದು ಹರಡಿರುವ ರೀತಿಯಿಂದ ಬಹಳಷ್ಟು ತಿಳಿಯುತ್ತದೆ. ಬೋರ್ಡೋ ದ್ರಾವಣದಿಂದ ಬಂದ ತಾಮ್ರದ ಜೊತೆಗೆ ಸತುವಾಗಲಿ ತವರವಾಗಲಿ ಏರುವುದಿಲ್ಲ. ತಳದ ಬಣ್ಣದಿಂದ ಬಂದರೆ ಸತು ಏರುತ್ತದೆ, ಹಳೆಯ ಪದರಗಳಲ್ಲಿ ತವರವೂ ಕಾಣಬಹುದು. ತಾಮ್ರ ದಕ್ಕೆಯ ಬಳಿ ಅತಿ ಹೆಚ್ಚಿದ್ದು ಹೊಳೆಯ ಮೇಲಕ್ಕೆ ಹೋದಂತೆ ಇಳಿದರೆ ಮೂಲ ದಕ್ಕೆಯೇ. ಹಾಗಲ್ಲದೆ ಕೆಂಪುಹೊಳೆಯ ನವಿರು ಹೂಳಿನಲ್ಲಿ ಹೆಚ್ಚು, ಉಪ್ಪಿನಂಗಡಿಯಲ್ಲಿ ಅದಕ್ಕಿಂತ ಕಡಿಮೆ, ಬಂಟ್ವಾಳದಲ್ಲಿ ಇನ್ನೂ ಕಡಿಮೆ ಎಂದು ಇಳಿಯುತ್ತ ಬಂದರೆ ತೋಟಗಳ ಪಾಲನ್ನು ಒಪ್ಪಿಕೊಳ್ಳಬೇಕು. ದಾರಿಯ ಅಡಿಕೆ ತೋಟಗಳಲ್ಲೂ ಇದೇ ದ್ರಾವಣ ಬಳಕೆಯಲ್ಲಿರುವುದರಿಂದ, ಕೆಳಗಿನ ಹೊಳೆಯಲ್ಲಿ ಕಂಡ ತಾಮ್ರವನ್ನೆಲ್ಲ ಘಟ್ಟದ ಮೇಲಿನವರ ಲೆಕ್ಕಕ್ಕೆ ಬರೆಯುವುದೂ ಸರಿಯಲ್ಲ. ಅದಕ್ಕೇ ತೋಟಗಳಿಲ್ಲದ ಕಾಡಿನ ಹಳ್ಳವೊಂದರ ಹೂಳು ಹೋಲಿಕೆಗೆ ಬೇಕೇ ಬೇಕು.

ಮಾದರಿ ತೆಗೆಯುವ ಕಾಲವೆಂದರೆ ಮಳೆಗೆ ಮುಂಚಿನ ಏಪ್ರಿಲ್–ಮೇ ಮತ್ತು ಮಳೆ ನಿಂತ ಮೇಲಿನ ನವೆಂಬರ್–ಡಿಸೆಂಬರ್. ಪ್ರತಿ ತಿಂಗಳೂ ಹೂಳು ತೆಗೆಯುವುದರಿಂದ ಹೆಚ್ಚೇನೂ ತಿಳಿಯುವುದಿಲ್ಲ. ವರ್ಷಕ್ಕೆ ಅರ್ಧ ಸೆಂಟಿಮೀಟರ್ ಹೂಳು ಕೂರುವ ಜಾಗದಲ್ಲಿ ಮೇಲಿನ 2 ಸೆಂಟಿಮೀಟರ್ ಎಂದರೆ ನಾಲ್ಕು ವರ್ಷಗಳ ಸರಾಸರಿ. ತಳದ ಹೂಳನ್ನು ಬಾಚಿ ಎತ್ತುವ ಹಿಡಿಯಂತ್ರ ತಂದ 15 ಸೆಂಟಿಮೀಟರನ್ನು ಕಲಸಿ ಅಳೆದರೆ ಮೂವತ್ತು ವರ್ಷಗಳ ಸರಾಸರಿ. ಆದ್ದರಿಂದ ಹಿಡಿಯಂತ್ರದ ಬಾಯಿ ಸರಿಯಾಗಿ ಮುಚ್ಚಿ, ಮೇಲ್ಪದರ ತೊಳೆದುಹೋಗದೆ ಬಂದಾಗ ಮಾತ್ರ, ಲೋಹದ ಗೋಡೆಗೆ ತಾಗದ ನಡುಭಾಗದಿಂದ ಮೇಲಿನ 2 ಸೆಂಟಿಮೀಟರನ್ನು ಪ್ಲಾಸ್ಟಿಕ್ ಚಮಚದಲ್ಲಿ ತೆಗೆಯಬೇಕು. ಡಬ್ಬಿಗಳನ್ನು ಮುಂಚೆಯೇ ದುರ್ಬಲ ನೈಟ್ರಿಕ್ ಆಮ್ಲದಲ್ಲಿ ನೆನೆಹಾಕಿ ತೊಳೆದಿರಬೇಕು, ಸತು ಲೇಪಿಸಿದ ತಗಡಿನ ಬಕೆಟ್ಟನ್ನು ಹತ್ತಿರವೂ ತರಬಾರದು. ಬಂದರಿನ ಒಳಗೆ ಮಾದರಿ ತೆಗೆಯಲು ಬಂದರು ಪ್ರಾಧಿಕಾರದ ಅನುಮತಿ ಪತ್ರ ಮೊದಲೇ ಬೇಕು.

ಪ್ರಯೋಗಾಲಯದ ಕೆಲಸದಲ್ಲಿ ಉಪಕರಣ ಯಾವುದೆಂಬುದಕ್ಕಿಂತ ಹೂಳನ್ನು ಕರಗಿಸಿದ್ದು ಹೇಗೆಂಬುದು ಮುಖ್ಯ. ನೈಟ್ರಿಕ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲಗಳ ಮಿಶ್ರಣ ಸಿಲಿಕೇಟ್ ಖನಿಜಗಳನ್ನು ಪೂರ್ತಿ ಒಡೆಯುವುದಿಲ್ಲ. ಅದರಲ್ಲಿ ಅಲ್ಯೂಮಿನಿಯಂ, ಕ್ರೋಮಿಯಂ ಬಹಳ ಕಡಿಮೆ ಬರುತ್ತವೆ. ಪೂರ್ತಿ ಕರಗಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಒಂದು ವಿಧಾನದ ಅಂಕಿಯನ್ನು ಇನ್ನೊಂದು ವಿಧಾನದ ಹಿನ್ನೆಲೆ ಮೌಲ್ಯದೊಡನೆ ಹೋಲಿಸಿದರೆ ಲೆಕ್ಕವೆಲ್ಲ ಕೆಟ್ಟಂತೆಯೇ. ಈ ಆಮ್ಲದ ವಿಷಯದಲ್ಲಿ ತಂದೆಯಾಗಿ ನೀವು ಮಗಳಿಗೆ ಒಂದು ಮಾತು ಖಂಡಿತ ಹೇಳಬೇಕು: ಅದು ಚರ್ಮದ ಮೂಲಕ ಒಳಹೊಕ್ಕು, ರಕ್ತದ ಕ್ಯಾಲ್ಸಿಯಂ ಅನ್ನು ಕೆಡಿಸಿ, ಪ್ರಾಣಕ್ಕೇ ಎರವಾಗಬಲ್ಲದು. ತರಬೇತಾದವರ ಎದುರಿನಲ್ಲಿ, ಹೊಗೆ ಸೆಳೆಯುವ ಗೂಡಿನೊಳಗೆ, ಕ್ಯಾಲ್ಸಿಯಂ ಗ್ಲುಕೋನೇಟ್ ಮುಲಾಮು ಕೈಗೆಟಕುವಂತೆ ಇದ್ದರೆ ಮಾತ್ರ ಅದನ್ನು ಮುಟ್ಟಬೇಕು. ಪ್ರತಿ ತಂಡದ ಮಾದರಿಗಳ ಜೊತೆಗೆ ಲೋಹದ ಪ್ರಮಾಣ ಮೊದಲೇ ನಿಗದಿಯಾಗಿರುವ ಪ್ರಮಾಣಿತ ಹೂಳನ್ನೂ, ಹೂಳೇ ಇಲ್ಲದ ಖಾಲಿ ಆಮ್ಲವನ್ನೂ ಅಳೆದು ಆ ಅಂಕಿಗಳನ್ನು ವರದಿಯಲ್ಲಿ ಕೊಡಬೇಕು. ಅವಿಲ್ಲದ ವರದಿಯನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಹೂಳಿನಲ್ಲಿ ಲೋಹ ಹೆಚ್ಚಿದೆ ಎಂದು ಖಚಿತವಾದರೂ ಅದು ಜೀವಿಗಳಿಗೆ ತಗಲುತ್ತದೆಯೇ ಎಂಬುದು ಬೇರೆ ಪ್ರಶ್ನೆ. ಆಮ್ಲಜನಕವಿಲ್ಲದ ಕಪ್ಪು ಕೆಸರಿನಲ್ಲಿ ಸಲ್ಫೈಡ್ ಇರುತ್ತದೆ. ತಾಮ್ರ, ಸತು, ಸೀಸ, ಕ್ಯಾಡ್ಮಿಯಂಗಳನ್ನು ಅದು ಕರಗದ ರೂಪದಲ್ಲಿ ಬಿಗಿಯಾಗಿ ಹಿಡಿದಿಡುತ್ತದೆ. ಅದೇ ಕೆಸರನ್ನು ಎತ್ತಿ ಆಮ್ಲಜನಕವಿರುವ ನೀರಿನಲ್ಲಿ ಕದಡಿದಾಗ ಸಲ್ಫೈಡ್ ಆಮ್ಲಜನಕದೊಡನೆ ಕೂಡಿ ಕರಗಿಹೋಗಿ ಲೋಹದ ಒಂದು ಪಾಲು ಬಿಡುಗಡೆಯಾಗಬಹುದು. ಹೂಳೆತ್ತುವ ಮುಂಚೆ, ಎತ್ತುವಾಗ, ಸುರಿದ ಮೇಲೆ, ಈ ಮೂರು ಸಲವೂ ಪರೀಕ್ಷೆ ಬೇಕೆನ್ನುವುದು ಇದಕ್ಕಾಗಿ. ಜಪಾನಿನ ಮಿನಮಾಟಾ ಕೊಲ್ಲಿಯಲ್ಲಿ ಪಾದರಸ 25 ಪಿಪಿಎಂ (ಕಿಲೋಗೆ 25 ಮಿಲಿಗ್ರಾಂ) ಮೀರಿದ್ದ ಕೆಸರನ್ನು ಎತ್ತಿ ಸುತ್ತುಗಟ್ಟಿ ಮುಚ್ಚುವ ಕೆಲಸ 1977ರಿಂದ 1990ರವರೆಗೆ ನಡೆಯಿತು. ಕಾರ್ಖಾನೆಯ ವಿಷ ನಿಂತದ್ದು 1968ರಲ್ಲಿ. ಮೂಲ ನಿಂತ ಮೇಲೂ ಹೂಳು ಎಷ್ಟು ಕಾಲ ಅದನ್ನು ಹೊತ್ತಿರುತ್ತದೆ ಎಂಬುದಕ್ಕೆ ಇದಕ್ಕಿಂತ ಕಠಿಣವಾದ ಉದಾಹರಣೆ ಬೇಡ. ಜೀವಿಗಳಿಗೆ ತಗಲಿದೆಯೇ ಎಂದು ತಿಳಿಯಲು ಅಳಿವೆಯ ಮರುವಾಯಿ, ಬಂಡೆಗೆ ಹತ್ತಿದ ಪಚ್ಚಿಲೆ ಮುಂತಾದ ಚಿಪ್ಪುಜೀವಿಗಳ ಮಾಂಸವನ್ನೇ ಅಳೆಯಬೇಕು, ಏಕೆಂದರೆ ಅವು ಒಂದೇ ಕಡೆ ಕುಳಿತು ನೀರನ್ನು ಸೋಸಿ ತಿನ್ನುತ್ತವೆ. ಹೂಳಿನ ಅಂಕಿಯಿಂದ ಮಾರುಕಟ್ಟೆಯ ಮೀನು ತಿನ್ನಬಹುದೇ ಬಾರದೇ ಎಂದು ಹೇಳಲು ಯಾರೂ ಹೊರಡಬಾರದು.

ಕಡಲಿನ ಮಾತು ಹಾಗಿರಲಿ. ನಿಮ್ಮ ತೋಟದ ತಾಮ್ರದ ವಿಷಯದಲ್ಲಿ ನನಗೆ ಹೆಚ್ಚಿನ ಕಾಳಜಿ ಇರುವುದು ನಿಮ್ಮದೇ ಹಳ್ಳದ ಬಗ್ಗೆ. ಕರಗಿದ ತಾಮ್ರದ ವಿಷ ಮೆದುನೀರಿನಲ್ಲಿ ಹೆಚ್ಚು, ಕ್ಯಾಲ್ಸಿಯಂ ಇರುವ ಗಡಸು ನೀರಿನಲ್ಲಿ ಕಡಿಮೆ, ಏಕೆಂದರೆ ಮೀನಿನ ಕಿವಿರಿನಲ್ಲಿ ತಾಮ್ರ ಕೂರುವ ಜಾಗಕ್ಕೆ ಕ್ಯಾಲ್ಸಿಯಂ ಪೈಪೋಟಿ ಕೊಡುತ್ತದೆ. ಘಟ್ಟದ ಮಳೆನೀರು ಅತ್ಯಂತ ಮೆದು. ಹೊಡೆದು ಉಳಿದ ದ್ರಾವಣವನ್ನು ಚೆಲ್ಲಿ, ಡ್ರಮ್ಮನ್ನೂ ಪಂಪನ್ನೂ ಹಳ್ಳದಲ್ಲಿ ತೊಳೆದರೆ ಕಡಲಿಗೆ ಆಗುವುದಕ್ಕಿಂತ ಎಷ್ಟೋ ಹೆಚ್ಚಿನ ಹಾನಿ ಅಲ್ಲಿಯ ಮೀನುಮರಿ, ಏಡಿ, ನೀರುಹುಳುಗಳಿಗೆ ಆಗುತ್ತದೆ. ತೊಳೆದ ನೀರನ್ನು ತೋಟದೊಳಗೇ, ಹಳ್ಳದಿಂದ ದೂರದ ಮಣ್ಣಿಗೆ ಸುರಿಯಿರಿ. ಹಳ್ಳದ ಅಂಚಿನ ಕುರುಚಲು ಗಿಡಗಳನ್ನು ಸವರಬೇಡಿ. ಮುಂದಿನ ಸಲ ಮಣ್ಣು ಪರೀಕ್ಷೆಗೆ ಕೊಡುವಾಗ ಲಭ್ಯ ತಾಮ್ರವನ್ನೂ (ಗಿಡಕ್ಕೆ ಸಿಗುವ ರೂಪದ ತಾಮ್ರವನ್ನೂ) ನೋಡುವಂತೆ ಕೇಳಿ, ಮತ್ತು ದ್ರಾವಣ ಬೀಳದ ಪಕ್ಕದ ಕಾಡಿನ ಮಣ್ಣನ್ನೂ ಒಂದು ಪೊಟ್ಟಣ ಕೊಡಿ. ಆ ಎರಡು ಅಂಕಿಗಳನ್ನು ನಿಮ್ಮ ಮಗಳು ತನ್ನ ಗ್ರಾಫಿನಲ್ಲಿ ಗುರುತಿಸಲಾಗದು, ವಿಧಾನ ಬೇರೆ. ಆದರೆ ಅದೇ ಮಣ್ಣಿನ ಉಳಿದರ್ಧವನ್ನು ಅವಳಿಗೆ ಕಳುಹಿಸಿದರೆ, ಹೂಳನ್ನು ಕರಗಿಸುವ ರೀತಿಯಲ್ಲೇ ಅದನ್ನೂ ಕರಗಿಸಿ, ತೋಟದಿಂದ ದಕ್ಕೆಯವರೆಗಿನ ಸಾಲಿಗೆ ಮೊದಲ ಬಿಂದುವನ್ನು ಅವಳು ಇಡಬಹುದು. ಅಳೆದು ಉಳಿದ ಹೂಳನ್ನು ಎಸೆಯದೆ, ಒಣಗಿಸಿ, ತಾಣ, ತಾರೀಖು, ಆಳ ಬರೆದು ವಿಭಾಗದಲ್ಲಿ ಇಡಲು ಹೇಳಿ. ಹತ್ತು ವರ್ಷಗಳ ನಂತರ ಅದೇ ತಾಣಕ್ಕೆ ಹೋಗುವ ಇನ್ನೊಬ್ಬ ವಿದ್ಯಾರ್ಥಿ ಎರಡೂ ಹೂಳನ್ನು ಒಂದೇ ದಿನ, ಒಂದೇ ಉಪಕರಣದಲ್ಲಿ ಅಳೆದು, ತಾಮ್ರ ಏರಿತೋ ಇಳಿಯಿತೋ ಎಂದು ಆಗ ಹೇಳಬಲ್ಲರು.